ಹಳೆ ಗಾಡಿ ಇಟ್ಟುಕೊಂಡವನ ಹೊಣೆ

ಬಾನೆಟ್ ಎತ್ತಿದಾಗಲೆಲ್ಲ ಒಂದು ಪ್ರಶ್ನೆ ನನ್ನನ್ನು ಕಾಡುತ್ತದೆ. ಈ ಗಾಡಿಯನ್ನು ಇಟ್ಟುಕೊಳ್ಳುವ ಹಕ್ಕು ನನಗಿದೆಯೇ? ಆರ್‌ಸಿಯಲ್ಲಿ ನನ್ನ ಹೆಸರಿದೆ, ಕೆಎ–23 ಎಂಬ ಚಿಕ್ಕೋಡಿಯ ನಂಬರಿದೆ. ಹದಿನೈದು ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನೋಂದಣಿ ನವೀಕರಿಸಿದ್ದೇನೆ. ಕಾನೂನಿಗೆ ಅಷ್ಟು ಸಾಕು. ನನ್ನ ಮನಸ್ಸಿಗೆ ಸಾಲದು.

ಗಾಡಿ ಕಾರ್ಬೊರೇಟರ್ ಕಾಲದ ಮಾರುತಿ 800. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಮೊದಲ ಗ್ರಾಹಕನ ಕೈಗೆ ಕೀಲಿ ಸಿಕ್ಕ ಈ ಪುಟ್ಟ ಕಾರಿನ ತಯಾರಿಕೆ 2014ರ ಜನವರಿಗೆ ನಿಂತಿತು. 796 ಸಿಸಿ, ಮೂರು ಸಿಲಿಂಡರ್, ಆರು ವಾಲ್ವು. ಬೋರ್‌ವೆಲ್ ಮೋಟರು, ಟ್ರ್ಯಾಕ್ಟರ್ ಬಿಚ್ಚಿ ಕಟ್ಟಿ ರೂಢಿಯಿದ್ದ ರೈತನಿಗೆ ಇದು ಪರಕೀಯ ಯಂತ್ರವೆನಿಸುವುದಿಲ್ಲ. ಅಂಗಳದಲ್ಲಿ ನಿಂತು, ಒಂದು ಪಾನಾ ಸೆಟ್ಟು, ಒಂದು ಫೀಲರ್ ಗೇಜು ಇಟ್ಟುಕೊಂಡು ಇಂಜಿನ್ ತಣ್ಣಗಿರುವಾಗ ಟ್ಯಾಪೆಟ್ ಸೆಟ್ ಮಾಡಬಹುದು. ಅಥಣಿಗೋ ರಾಯಬಾಗಕ್ಕೋ ಹೋದಾಗ ಯಾರಾದರೂ ‘ಇನ್ನೂ ಇಟ್ಟೀರಿ?’ ಎಂದರೆ ನನಗೆ ಹಿತವಾಗುತ್ತದೆ. ಆ ಹಿತಕ್ಕಾಗಿಯೇ ಇಟ್ಟುಕೊಂಡಿದ್ದೇನೆಯೇ ಎಂದು ಆಮೇಲೆ ಒಳಗೊಳಗೇ ಪರೀಕ್ಷಿಸಿಕೊಳ್ಳುತ್ತೇನೆ. ಸ್ವಲ್ಪ ಹೌದು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಒಂದು ಗೇಣುದ್ದದ ರಬ್ಬರ್ ಪೈಪು. ಪೆಟ್ರೋಲ್ ಪಂಪಿನಿಂದ ಕಾರ್ಬೊರೇಟರಿಗೆ ಹೋಗುವ ಪೈಪು ಅದು. ಹಿಡಿದು ಬಗ್ಗಿಸಿದೆ. ಹೊರಮೈ ಉಬ್ಬಿ ಮೆತ್ತಗಾಗಿತ್ತು, ಕ್ಲಿಪ್ ಕೂತ ಜಾಗದಲ್ಲಿ ಕೂದಲೆಳೆಯಂಥ ಬಿರುಕುಗಳು, ಬೆರಳಿಗೆ ಕಪ್ಪು ಮಸಿ. ಪಕ್ಕದ ಫಿಲ್ಟರಿನ ಪಾರದರ್ಶಕ ಡಬ್ಬಿಯ ತಳದಲ್ಲಿ ಟ್ಯಾಂಕಿನ ತುಕ್ಕು ಕಂದು ಪುಡಿಯಾಗಿ ಕೂತಿತ್ತು. ಪ್ಲಗ್ ತೆಗೆದು ನೋಡಿದರೆ ತುದಿ ಬೆಳ್ಳಗೆ. ಇಂಜಿನ್ನಿಗೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗುತ್ತಿದೆ ಎಂಬುದರ ಗುರುತು ಅದು. ಸರಿಯಾಗಿ ಉರಿಯುವ ಇಂಜಿನ್ನಿನ ಪ್ಲಗ್ಗು ತಿಳಿ ಕಂದು ಬಣ್ಣದ್ದಿರುತ್ತದೆ.

ಇದರಲ್ಲಿ ಎಥನಾಲಿನ ಕೈವಾಡ ಸಾಕಷ್ಟಿದೆ. 2025ಕ್ಕೆ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪಾಲು ಶೇ 20ಕ್ಕೆ ಮುಟ್ಟಿತು. 2023ರ ಏಪ್ರಿಲ್ ನಂತರದ ಗಾಡಿಗಳ ಪೈಪು, ಸೀಲುಗಳನ್ನು ಅದಕ್ಕೆ ತಕ್ಕಂತೆ ಮಾಡಿದ್ದಾರೆ. ನನ್ನ ಗಾಡಿ ತಯಾರಾದಾಗ ಆ ಯೋಚನೆಯೇ ಇರಲಿಲ್ಲ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ಗಾಳಿಯ ತೇವವನ್ನೂ ಹೀರುತ್ತದೆ. ಮಳೆಗಾಲದಲ್ಲಿ ಕಲ್ಲೋಳ–ಯಡೂರ ಸೇತುವೆ ಕೃಷ್ಣೆಯಲ್ಲಿ ಮುಳುಗಿ, ದೂಧಗಂಗಾ, ವೇದಗಂಗಾ ತುಂಬಿ ಹರಿಯುವಾಗ ಗಾಡಿ ವಾರಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ. ಅರ್ಧ ಖಾಲಿ ಟ್ಯಾಂಕಿನೊಳಗೆ ತೇವ ಸೇರಲು ಅಷ್ಟು ಸಮಯ ಸಾಕು. ಹೊಸ ಗಾಡಿಯ ಸೆನ್ಸರು ಇಂಧನ ಬದಲಾದದ್ದನ್ನು ಗುರುತಿಸಿ ಮಿಶ್ರಣ ಸರಿಮಾಡಿಕೊಳ್ಳುತ್ತದೆ. ಕಾರ್ಬೊರೇಟರಿಗೆ ಆ ಸೌಕರ್ಯವಿಲ್ಲ. ಪೆಟ್ರೋಲ್ ಬಿಡುವ ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ ಹರಿಯುತ್ತದೆ.

ಮೊದಲಿಗೆ ನನಗೆ ಸಿಟ್ಟು ಬಂದದ್ದು ನಿಜ. ಆದರೆ ಎಥನಾಲ್ ಕಬ್ಬಿನಿಂದಲೂ ತಯಾರಾಗುತ್ತದೆ, ನಾನು ಕಬ್ಬು ಬೆಳೆಯುವವನು. ನಿಪ್ಪಾಣಿಯಿಂದ ಕಾಗವಾಡದವರೆಗೆ ನಮ್ಮ ಭಾಗದ ಎಷ್ಟೋ ಸಂಸಾರಗಳು ನಡೆಯುವುದು ಕಬ್ಬಿನ ಬಿಲ್ಲಿನ ಮೇಲೆ. ಎಥನಾಲಿನಿಂದ ಕಾರ್ಖಾನೆಗಳಿಗೆ ಬೇಗ ಹಣ ಬಂದರೆ ನಮ್ಮ ಬಾಕಿಯೂ ಬೇಗ ಚುಕ್ತಾ ಆದೀತು ಎಂದು ಆಸೆಪಟ್ಟವರಲ್ಲಿ ನಾನೂ ಒಬ್ಬ. ಹೊಲದಲ್ಲಿ ಬೇಕೆಂದದ್ದನ್ನು ಅಂಗಳದಲ್ಲಿ ಬೇಡವೆನ್ನುವುದು ಯಾವ ನ್ಯಾಯ? ನನ್ನ ಬೆಳೆಯೇ ಸುತ್ತು ಹೊಡೆದು ನನ್ನ ಟ್ಯಾಂಕಿಗೆ ಬಂದಿದೆ. ಬದಲಾಗಬೇಕಾದದ್ದು ನನ್ನ ಪೈಪು.

ಬದಲಾಯಿಸಿದೆ. ಎಥನಾಲ್ ತಡೆಯುವ ಫ್ಲೋರೋ ರಬ್ಬರಿನ ಪೈಪು ಕೊಲ್ಹಾಪುರದಿಂದ ತರಿಸಿ ಹಾಕಿದೆ. ಕಾರ್ಬೊರೇಟರ್ ಬಿಚ್ಚಿ, ಜೆಟ್ಟುಗಳನ್ನು ಪೆಟ್ರೋಲಿನಲ್ಲಿ ತೊಳೆದು ಸೈಕಲ್ ಪಂಪಿನಿಂದ ಗಾಳಿ ಊದಿದೆ. ಜೆಟ್ಟಿಗೆ ಸೂಜಿ ಚುಚ್ಚಬಾರದು. ಹಿತ್ತಾಳೆಯ ತೂತು ಅಗಲವಾದರೆ ಲೆಕ್ಕವೆಲ್ಲ ತಪ್ಪುತ್ತದೆ. ಗಾಡಿ ಬಿಸಿಯಾದ ಮೇಲೆ ಮಿಕ್ಸ್ಚರ್ ಸ್ಕ್ರೂವನ್ನು ಇಂಜಿನ್ ತಡವರಿಸುವವರೆಗೆ ಒಳಗೆ ತಿರುಗಿಸಿ, ಮತ್ತೆ ಮೆಲ್ಲಗೆ ಹೊರಗೆ ತಿರುಗಿಸುತ್ತ ಬಂದೆ. ಮೂರೂ ಸಿಲಿಂಡರು ಒಂದೇ ಲಯಕ್ಕೆ ಬಂದ ಕಡೆ ನಿಲ್ಲಿಸಿದೆ. ಈಗ ಗಾಡಿ ನಿಲ್ಲಿಸುವ ದಿನಗಳಲ್ಲಿ ಟ್ಯಾಂಕ್ ತುಂಬಿಯೇ ಇಡುತ್ತೇನೆ.

ಹೊಗೆಯ ಪ್ರಶ್ನೆ ಇದಕ್ಕಿಂತ ಕಠಿಣ. 1995ರಲ್ಲಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ನನ್ನ ಗಾಡಿಗೆ ಅದಿಲ್ಲ. ಟ್ಯೂನಿಂಗ್ ಎಷ್ಟೇ ಚೆನ್ನಾಗಿದ್ದರೂ ಹೊಸ ಗಾಡಿಯಷ್ಟು ಚೊಕ್ಕವಾಗಿ ಇದು ಉರಿಯಲಾರದು. ಹೊಸದೊಂದು ಕಾರು ಮಾಡಲು ಬೇಕಾಗುವ ಕಬ್ಬಿಣ, ಕಲ್ಲಿದ್ದಲಿನ ಲೆಕ್ಕ ಹೇಳಿ ನನಗೆ ನಾನೇ ಸಮಾಧಾನ ಹೇಳಿಕೊಳ್ಳಬಹುದು. ಆದರೆ ಆ ಸಮಾಧಾನ ನಿಲ್ಲುವುದು ಗಾಡಿಯನ್ನು ಕಡಿಮೆ ಓಡಿಸಿ, ಸದಾ ಟ್ಯೂನಿಂಗಿನಲ್ಲಿ ಇಟ್ಟಾಗ ಮಾತ್ರ.

ಆಯಿಲ್ ಬದಲಿಸಿದಾಗಲೂ ಇದೇ ಮಾತು. ಸಂಪಿನಿಂದ ಇಳಿಯುವ ಕಪ್ಪು ಎಣ್ಣೆಯಲ್ಲಿ ಸವೆದ ಲೋಹದ ಕಣಗಳಿರುತ್ತವೆ. 2016ರ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ನಮ್ಮ ಎರೆಮಣ್ಣಿನಲ್ಲಿ, ಬಾವಿ ಪಕ್ಕದ ಚರಂಡಿಯಲ್ಲಿ ಅದನ್ನು ಚೆಲ್ಲುವುದು ಸುಲಭ, ಕೇಳುವವರೂ ಇಲ್ಲ. ನಾನು ಕ್ಯಾನಿನಲ್ಲಿ ತುಂಬಿ, ಹಳೆ ಎಣ್ಣೆಯನ್ನು ಮರುಶುದ್ಧೀಕರಣಕ್ಕೆ ಕಳಿಸುವ ಗ್ಯಾರೇಜಿಗೆ ಒಯ್ದು ಕೊಡುತ್ತೇನೆ. ಸತ್ತ ಬ್ಯಾಟರಿಯೂ ಹೊಸದನ್ನು ಮಾರಿದ ಅಂಗಡಿಗೇ ವಾಪಸು ಹೋಗುತ್ತದೆ.

ಬ್ರೇಕಿನ ಕೆಲಸಕ್ಕೆ ನಾನು ಒಬ್ಬನೇ ಕೈ ಹಾಕುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ರಾಯಬಾಗ ರಸ್ತೆಯಲ್ಲಿ ರಾತ್ರಿ ಹೊರಟವರಿಗೆ ಕಾರಣ ಹೇಳಬೇಕಿಲ್ಲ. ಹಿಂದೆ ದೀಪವಿಲ್ಲದ ಎರಡೆರಡು ಟ್ರೇಲರು ಎಳೆಯುವ ಟ್ರ್ಯಾಕ್ಟರು ತಿರುವಿನಲ್ಲಿ ಧುತ್ತೆಂದು ಎದುರಾಗುತ್ತದೆ. ಬ್ರೇಕಿಗೆ ನಿಪ್ಪಾಣಿಯ ಮಿಸ್ತ್ರಿ ಕಾಕಾ ಬೇಕು. ಫಿಯೆಟ್ ಕಾಲದಿಂದ ಕೈ ಪಳಗಿದವರು. ‘ತಮ್ಮಾ, ಮೊದಲ ಪ್ಲಗ್ ತಗದ ನೋಡು, ಆಮ್ಯಾಲ ಮಾತಾಡು’ ಎಂದು ನನಗೆ ಕಲಿಸಿದವರು ಅವರೇ. ಅವರ ಮಕ್ಕಳು ಈ ಕಸುಬಿಗೆ ಬರಲಿಲ್ಲ. ಫೋನಿನಲ್ಲಿ ಕೇಳಿ ತಿಳಿದುಕೊಂಡ ಒಂದು ಸಲಹೆಗೂ ಅವರಿಗೆ ದುಡ್ಡು ಸಲ್ಲಬೇಕು ಎಂದು ನಾನು ತೀರ್ಮಾನಿಸಿಕೊಂಡಿದ್ದೇನೆ. ಮನೆಯಲ್ಲೇ ರಿಪೇರಿ ಮಾಡಿಕೊಂಡೆ ಎಂದು ಹೇಳಿಕೊಳ್ಳುವಾಗ, ಆ ವಿದ್ಯೆ ಬಂದದ್ದು ಅವರ ಗ್ಯಾರೇಜಿನ ನೆಲದಿಂದ ಎಂಬುದನ್ನೂ ಸೇರಿಸಿ ಹೇಳುತ್ತೇನೆ.

ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆ ನನ್ನಂತೆ ಹಳೆ ಗಾಡಿ ಇಟ್ಟುಕೊಂಡವರು ಬಹಳ ಮಂದಿ ಇದ್ದೀರಿ. ಮಳೆಗಾಲಕ್ಕೆ ಮುಂಚೆ ಒಮ್ಮೆ ಪೆಟ್ರೋಲ್ ಪೈಪು ಬಗ್ಗಿಸಿ ನೋಡಿ. ಬಿಸಿ ಸೈಲೆನ್ಸರಿನ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಗಾಡಿಯೂ ಉಳಿಯದು, ಮನೆಯವರಿಗೂ ಅಪಾಯ. ಹಳೆ ಎಣ್ಣೆಯನ್ನು ಮಣ್ಣಿಗೆ ಚೆಲ್ಲಬೇಡಿ. ಮಿಸ್ತ್ರಿಯ ಕೈಗೆ ಸಲ್ಲಬೇಕಾದ್ದನ್ನು ಸಲ್ಲಿಸಿ. ಇಷ್ಟು ಮಾಡುವವರಿಗೆ ಹಳೆ ಗಾಡಿ ಇಟ್ಟುಕೊಳ್ಳುವ ಹಕ್ಕಿದೆ. ಮಾಡಲು ಆಗದವರು ಅದನ್ನು ಮಾಡಬಲ್ಲವರ ಕೈಗೆ ಒಪ್ಪಿಸುವುದೇ ಸರಿ. ನನಗೂ ಆಗದ ದಿನ ಬಂದರೆ ಹಾಗೆಯೇ ಮಾಡುತ್ತೇನೆ.