ಇಪ್ಪತ್ತೊಂದು, ಒಂದು

ಹ್ಯೂಸ್ಟನ್ನಿನಿಂದ ಬೆಳಿಗ್ಗೆಯೇ ಹೊರಟೆವು. ಲೂಸಿಯಾನ ಹೊಕ್ಕ ಮೇಲೆ ಅಚಾಫಲಾಯ ಜೌಗಿನ ಮೇಲೆ ಸುಮಾರು 29 ಕಿಲೋಮೀಟರ್ ಬರೀ ಸೇತುವೆ. ಎರಡೂ ಕಡೆ ನೀರಲ್ಲಿ ಕಾಲೂರಿ ನಿಂತ ಮರಗಳು. ಇಬ್ಬರು ಸಂಸಾರಸ್ಥರು ಕುಸ್ತಿ ನೋಡಲು ಇಷ್ಟು ದೂರ ಹೋಗುವುದಕ್ಕೆ ಮನೆಯಲ್ಲಿ ಏನು ನೆಪ ಹೇಳಿದ್ದೆವು ಅನ್ನುವುದು ಬೇರೆ ಕಥೆ.

2014ರ ಏಪ್ರಿಲ್ 6. ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ 30ನೇ ರೆಸಲ್‌ಮೇನಿಯಾ. ಸೇರಿದವರು 75,167 ಮಂದಿ ಎಂದು ಘೋಷಿಸಿದರು. ನಮ್ಮ ಸೀಟು ಎಷ್ಟು ಮೇಲೆಂದರೆ ರಿಂಗು ಬೆಂಕಿಪೊಟ್ಟಣದಷ್ಟೇ ಕಾಣುತ್ತಿತ್ತು. ಹಲ್ಕ್ ಹೋಗನ್ ಬಂದವನೇ ಸೂಪರ್‌ಡೋಮ್ ಅನ್ನುವ ಬದಲು 'ಸಿಲ್ವರ್‌ಡೋಮ್' ಎಂದುಬಿಟ್ಟ! 1987ರಲ್ಲಿ ದೈತ್ಯ ಆಂಡ್ರೆಯನ್ನು ಎತ್ತಿ ಒಗೆದ ಜಾಗ ಅದು. ನಾಲಿಗೆ ಅಲ್ಲಿಗೇ ಓಡಿತೇನೋ. ಮೊದಲ ಪಂದ್ಯದಲ್ಲೇ ಗಡ್ಡದ ಪುಟ್ಟ ಆಳು ಡೇನಿಯಲ್ ಬ್ರಯಾನ್ ಟ್ರಿಪಲ್ ಎಚ್‌ನನ್ನು ಕೆಡವಿದ. ಎರಡೂ ಕೈ ಎತ್ತಿ 'ಯೆಸ್! ಯೆಸ್!' ಎಂದು ಜನ ಕೂಗುವಾಗ ನನ್ನ ಕೈಯೂ ಮೇಲೆ ಹೋಗಿತ್ತು.

ಆಮೇಲೆ ದೀಪ ಆರಿ ಗಂಟೆ ಮೊಳಗಿತು. ಅಂಡರ್‌ಟೇಕರ್.

ಚಿಕ್ಕಂದಿನಲ್ಲಿ ಹುಬ್ಬಳ್ಳಿಯಲ್ಲಿ ಕುಸ್ತಿಪಟುಗಳ ಟ್ರಂಪ್ ಕಾರ್ಡ್ ಆಡುತ್ತಿದ್ದಾಗ ಇವನಿಗೆ ಏಳು ಜೀವ ಎಂದು ನಾವೆಲ್ಲ ನಂಬಿದ್ದೆವು. ಅಣ್ಣ ಮಾತ್ರ, "ಎಲ್ಲಾ ನಾಟಕ, ಮೊದಲೇ ಬರೆದಿಟ್ಟಿರ್ತಾರೆ" ಎನ್ನುತ್ತಿದ್ದ. ನಿಜವೇ. ಆದರೂ 1991ರಿಂದ ರೆಸಲ್‌ಮೇನಿಯಾದಲ್ಲಿ ಈತ 21 ಸಲ ಗೆದ್ದಿದ್ದ, ಒಮ್ಮೆಯೂ ಸೋತಿರಲಿಲ್ಲ. ಅದನ್ನು ಮುರಿಯಲು ಯಾರಾದರೂ ಬರೆದಾರೆಯೇ?

ಎದುರಾಳಿ ಬ್ರಾಕ್ ಲೆಸ್ನರ್ ಮೂರನೇ ಸಲ ಅವನನ್ನು ಹೆಗಲಿಂದ ತಿರುಗಿಸಿ ಬೀಸಿದ. ರೆಫರಿ ಒಂದು, ಎರಡು ಎಂದು ಹಲಗೆ ಬಡಿದ. ಮೂರಕ್ಕೆ ಮುದುಕ ಭುಜ ಎತ್ತುತ್ತಾನೆಂದೇ ಕಾದೆವು. ಎತ್ತಲಿಲ್ಲ. ಪರದೆಯ ಮೇಲೆ '21-1' ಮೂಡಿತು. ಮುಕ್ಕಾಲು ಲಕ್ಷ ಜನರ ಗದ್ದಲ ಉಸಿರು ಕಟ್ಟಿದ ಹಾಗೆ ನಿಂತುಹೋಯಿತು. ಸಂತೆಯ ನಡುವೆ ಅಂಥ ಮೌನ ನಾನು ಕೇಳಿಲ್ಲ. ನಮ್ಮ ಮುಂದಿನ ಸಾಲಿನಲ್ಲಿದ್ದ ಗಡವ ಗಂಡಸು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ, ಸಾವಿನ ಮನೆಯಲ್ಲಿ ಕೂತವರ ಹಾಗೆ. ಮುದುಕ ನಿಧಾನವಾಗಿ ಎದ್ದು ನಿಂತಾಗ ಚಪ್ಪಾಳೆ ಶುರುವಾಯಿತು.

ಕೊನೆಗೆ ಬ್ರಯಾನ್ ಅದೇ ರಾತ್ರಿ ಆರ್ಟನ್, ಬಟಿಸ್ಟಾ ಇಬ್ಬರನ್ನೂ ಮೀರಿ ಚಾಂಪಿಯನ್ ಆದ; ಬಣ್ಣದ ಕಾಗದ ಸುರಿಯಿತು, ನಾವೂ ಕುಣಿದೆವು.

ಹೊರಗೆ ಬಂದು ಅಣ್ಣನಿಗೆ ಫೋನು ಮಾಡಿದೆ. ಭಾರತದಲ್ಲಿ ಆಗ ಸೋಮವಾರ ಬೆಳಿಗ್ಗೆ, ಆಫೀಸಿಗೆ ಹೊರಟಿದ್ದ.

"ಅಣ್ಣಾ, ಅಂಡರ್‌ಟೇಕರ್ ಸೋತ."

ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಸುಳ್ಳು ಹೇಳಬ್ಯಾಡ" ಅಂದ.