ಕಲ್ಲುಧೂಳಿಗೊಂದು ಹೆಸರು

ದವಾಖಾನೆಯ ಮೆಟ್ಟಿಲು, ಕೋರ್ಟಿನ ಮೆಟ್ಟಿಲು, ಇವೆರಡನ್ನೂ ಹತ್ತುವ ಕಾಲ ಯಾರಿಗೂ ಬಾರದಿರಲೆಂದು ನಮ್ಮ ಕಡೆಯ ಹಿರಿಯರು ಹಾರೈಸುವುದುಂಟು. ಎರಡನ್ನೂ ಒಟ್ಟಿಗೆ ಹತ್ತಿಸುವ ವಿದ್ಯೆಯೊಂದು ಈಗ ಕಾನೂನು ಕಾಲೇಜುಗಳಲ್ಲಿದೆ. ಆರೋಗ್ಯ ಕಾನೂನು ಎಂದು ಅದರ ಹೆಸರು. ಭಾರತೀಯ ವಕೀಲರ ಪರಿಷತ್ತು 2008ರಲ್ಲಿ ಮಾಡಿದ ಶಿಕ್ಷಣ ನಿಯಮಗಳು ಅದನ್ನು ಐಚ್ಛಿಕ ವಿಷಯವೆಂದು ಎಣಿಸಿವೆ. ಸೇರಿಸಿರುವುದು ಸಂವಿಧಾನದ ಗುಂಪಿಗೆ. ಕನ್ನಡದ ಪಾಠ ಹೇಳುವ ನನಗೂ ಈ ವಿದ್ಯೆಗೂ ಏನು ನಂಟು ಎಂದು ಕೇಳಿದರೆ, ಒಂದೇ ಒಂದು ಶಬ್ದದ ನಂಟು.

ಬಾಗಲಕೋಟೆಯಲ್ಲಿ ನನ್ನ ತರಗತಿಯಲ್ಲಿ ಕುಳಿತಿದ್ದ ಇಳಕಲ್ಲಿನ ಹುಡುಗಿಯೊಬ್ಬಳು ಮುಂದೆ ಕಾನೂನು ಓದಲು ಹೋದಳು. ಕಳೆದ ಬೇಸಗೆಯಲ್ಲಿ ಮನೆಗೆ ಬಂದವಳು, ಕೊಟ್ಟ ಚಹ ಆರುವ ಮೊದಲೇ ಕೇಳಿದಳು: “ಸರ, ಸಿಲಿಕೋಸಿಸ್ ಅನ್ನೂದಕ್ಕ ಕನ್ನಡದಾಗ ಏನಂತಾರ್ರೀ? ನಮ್ಮ ಕಲ್ಲಿನ ಕೆಲಸದವರಿಗೆ ಒಂದು ಹಾಳಿ ಬರದು ಹಂಚಬೇಕಂತ ಮಾಡೀನಿ.”

ಇಳಕಲ್ಲೆಂದರೆ ಹೊರಗಿನವರಿಗೆ ಸೀರೆ ನೆನಪಾಗುತ್ತದೆ. ಆದರೆ ಅಲ್ಲಿಯ ಕೆಂಪು ಗ್ರಾನೈಟಿಗೂ ದೂರದ ಊರುಗಳಲ್ಲಿ ಗಿರಾಕಿಗಳಿದ್ದಾರೆ. ಈ ಹುಡುಗಿಯ ಚಿಕ್ಕಪ್ಪ ಆ ಕಲ್ಲನ್ನು ಕೊಯ್ದು, ತಿಕ್ಕಿ, ಕನ್ನಡಿಯಂತೆ ಮಾಡುತ್ತ ಇಪ್ಪತ್ತು ವರ್ಷ ಕಳೆದವನು. ಕಲ್ಲಿನೊಳಗಿನ ಸಿಲಿಕಾ ಒಣಗಲ್ಲನ್ನು ಕೊಯ್ಯುವಾಗ ಧೂಳಾಗಿ ಹಾರುತ್ತದೆ. ಕಣ್ಣಿಗೆ ಕಾಣುವ ಧೂಳಿನ ಬಹುಪಾಲು ಮೂಗು ಗಂಟಲಲ್ಲೇ ತಂಗುತ್ತದೆ. ಕಾಣದಷ್ಟು ಸಣ್ಣದು ಪುಪ್ಪುಸದ ತಳಕ್ಕಿಳಿದು ಅಲ್ಲಿ ಗಂಟುಗಟ್ಟುತ್ತದೆ. ಹತ್ತಾರು ವರ್ಷ ಸುಮ್ಮನಿದ್ದು ಆಮೇಲೆ ಉಸಿರು ಹಿಡಿಯುವ ಈ ರೋಗವನ್ನು ವಾಸಿಮಾಡುವ ಔಷಧವಿಲ್ಲ. ಧೂಳೇಳದಂತೆ ನೀರು ಬಿಟ್ಟು ಕೊಯ್ಯುವಂಥ ಎಚ್ಚರವೊಂದೇ ಉಪಾಯ.

ಚಿಕ್ಕಪ್ಪನ ಚೀಟಿಗಳಲ್ಲಿ ಒಮ್ಮೆ ದಮ್ಮು, ಇನ್ನೊಮ್ಮೆ ಕ್ಷಯ ಎಂದಿತ್ತು. ಕ್ಷಯದ ಗುಳಿಗೆಗಳನ್ನು ಎರಡು ಸಲ ನುಂಗಿದ್ದಾಯಿತು. ಆಶ್ಚರ್ಯವೇನಿಲ್ಲ, ಈ ರೋಗ ಕ್ಷಯದ ವೇಷದಲ್ಲೇ ಬರುತ್ತದೆ, ಕೆಲವೊಮ್ಮೆ ಕ್ಷಯವನ್ನೂ ಕರೆತರುತ್ತದೆ. ಆದರೆ “ನೀ ಏನ ಕೆಲಸ ಮಾಡತಿ?” ಎಂದು ಮಾತ್ರ ಅವನನ್ನು ಯಾರೂ ಕೇಳಿರಲಿಲ್ಲ. ಇಟಲಿಯ ರಾಮಾಝಿನಿ ಎಂಬ ವೈದ್ಯ 1700ರಷ್ಟು ಹಿಂದೆಯೇ, ರೋಗಿಯ ಕಸುಬು ಯಾವುದೆಂದು ಕೇಳಿರೆಂದು ತನ್ನ ವೃತ್ತಿಬಾಂಧವರಿಗೆ ಪುಸ್ತಕ ಬರೆದು ಹೇಳಿದ್ದ.

ಹೆಸರಿನಿಂದ ಏನಾಗುತ್ತದೆ ಎನ್ನಬಹುದು. ಕ್ಷಯವೆಂದು ಬರೆದರೆ ಅದು ಅವನ ದುರ್ದೈವ. ಸಿಲಿಕೋಸಿಸ್ ಎಂದು ಬರೆದರೆ ಅದಕ್ಕೊಬ್ಬ ಹೊಣೆಗಾರನಿದ್ದಾನೆ. ಕಾರ್ಮಿಕರ ಪರಿಹಾರದ 1923ರ ಕಾಯಿದೆಯ ಪಟ್ಟಿಯಲ್ಲಿ ಈ ರೋಗವಿತ್ತು. ಅದರ ಬದಲಿಗೆ ಬಂದ 2020ರ ಸಂಹಿತೆಯಲ್ಲಿಯೂ ಇದೆ. ಇಂಥ ರೋಗಿಯನ್ನು ಕಂಡ ವೈದ್ಯನು ಸರಕಾರಕ್ಕೆ ವರದಿ ಕಳಿಸಬೇಕೆಂದು 1948ರ ಕಾರಖಾನೆ ಕಾಯಿದೆಯೇ ವಿಧಿಸಿತ್ತು. ಕಲ್ನಾರು ಕಾರ್ಮಿಕರ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ, ದುಡಿಯುವವನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗವೆಂದು ಸಾರಿತು. ಐಚ್ಛಿಕ ವಿಷಯವನ್ನು ಸಂವಿಧಾನದ ಗುಂಪಿಗೆ ಸೇರಿಸಿದ್ದರ ಅರ್ಥ ನನಗಾದದ್ದು ಇಲ್ಲಿ.

ಇಷ್ಟಾದರೂ ಹುನಗುಂದದ ಕೋರ್ಟಿಗೆ ಹೋದವನು ತಾನು ಯಾರ ಹತ್ತಿರ ದುಡಿದೆನೆಂದು ತೋರಿಸಬೇಕು. ಮೂರು ವರ್ಷ ಒಂದು ಕಡೆ, ಐದು ವರ್ಷ ಇನ್ನೊಂದು ಕಡೆ, ಪಗಾರ ಕೈಯಿಂದ ಕೈಗೆ. ಹಜೇರಿ ಪುಸ್ತಕದಲ್ಲಿ ಹೆಸರೇ ಇಲ್ಲ. ಕಾಯಿದೆ ಸೋಲುವ ಈ ಜಾಗದಲ್ಲಿ ನೀತಿ ಬೇಕೆಂದು ಹುಡುಗಿ ವಿವರಿಸಿದಳು. ರಾಜಸ್ಥಾನ ಸರಕಾರ 2019ರಲ್ಲಿ ಇಂಥದೊಂದನ್ನು ಮಾಡಿತು. ಅಲ್ಲಿ ಕಲ್ಲುಕುಟಿಗ ತಾನೇ ಹೆಸರು ನೋಂದಾಯಿಸಬಹುದು. ವೈದ್ಯರ ಮಂಡಲಿ ರೋಗವನ್ನು ದೃಢಪಡಿಸಿದರೆ 3 ಲಕ್ಷ ರೂಪಾಯಿ, ಸತ್ತರೆ ಕುಟುಂಬಕ್ಕೆ ಮತ್ತೆ 2 ಲಕ್ಷ. ಸಾರ್ವಜನಿಕ ಆರೋಗ್ಯ ರಾಜ್ಯಗಳ ಪಟ್ಟಿಯಲ್ಲಿರುವ ವಿಷಯವಾದ್ದರಿಂದ ಇದಕ್ಕೆ ದಿಲ್ಲಿಯನ್ನು ಕಾಯಬೇಕಿಲ್ಲ. ಸರಕಾರದ ಧೋರಣೆಗೂ ಮನುಷ್ಯನ ಸನ್ನಡತೆಗೂ ಕನ್ನಡದಲ್ಲಿ ನೀತಿಯೆಂಬ ಒಂದೇ ಮಾತಿರುವುದು ಬಡತನವಲ್ಲವೆಂದು ಅಂದು ನನಗನಿಸಿತು.

ನಮ್ಮದು ಕಲ್ಲಿನ ಸೀಮೆ. ಬಾದಾಮಿಯ ಮೂರನೆಯ ಗುಹೆಯನ್ನು 578ರಲ್ಲಿ ಮಂಗಳೇಶ ಮುಗಿಸಿದನೆಂದು ಶಾಸನ ಹೇಳುತ್ತದೆ. ನಾವೂ ಮಕ್ಕಳನ್ನು ಕರೆದೊಯ್ದು ತೋರಿಸುತ್ತೇವೆ. ಆ ಮರಳುಗಲ್ಲಿನಲ್ಲಿಯೂ ಇದೇ ಸಿಲಿಕಾ ಇದೆ. ಉಳಿ ಹಿಡಿದವರಲ್ಲಿ ಎಷ್ಟು ಜನ ಕೆಮ್ಮಿದರೆಂಬುದು ಯಾವ ಬಂಡೆಯ ಮೇಲೂ ಇಲ್ಲ. ಆಗ ರೋಗಕ್ಕೆ ಹೆಸರಿರಲಿಲ್ಲ. ಈಗ ಇದೆ, ಹೇಳಿಕೊಡುವವರು ಬೇಕು.

ಶಬ್ದದ ಮಾತಿಗೆ ಬರೋಣ. ನಿಘಂಟು ತೆರೆದಿದ್ದರೆ ಸಂಸ್ಕೃತದಿಂದ ಗಜಗಾತ್ರದ ಸಮಾಸವೊಂದನ್ನು ಕಟ್ಟಬಹುದಿತ್ತು. ಉಸಿರು ಸಾಲದವನು ಅದನ್ನು ಉಚ್ಚರಿಸುವುದೆಂತು? “ಕಲ್ಲುಧೂಳಿನ ರೋಗ” ಎಂದು ದೊಡ್ಡ ಅಕ್ಷರದಲ್ಲಿ ಬರೆ, ಕೆಳಗೆ “ಸಿಲಿಕೋಸಿಸ್” ಎಂದೂ ಬರೆ ಎಂದೆ. ಮೊದಲನೆಯದು ಕೆಲಸದವನಿಗೆ ತಿಳಿಯಲಿಕ್ಕೆ. ಎರಡನೆಯದು ಅವನು ವೈದ್ಯರ ಮುಂದೆ, ಅಧಿಕಾರಿಯ ಮುಂದೆ ಬಾಯಿಬಿಟ್ಟು ಹೇಳಲಿಕ್ಕೆ.

ಹಾಳೆ ಅಚ್ಚಾಗಿದೆ. ಚಿಕ್ಕಪ್ಪನ ಎಕ್ಸ್-ರೇ ಇನ್ನೂ ವೈದ್ಯರ ಕೈಯಲ್ಲಿದೆ. ಹುಡುಗಿಯ ಓದು ಮುಗಿಯಲು ಒಂದು ವರ್ಷವಿದೆ.