ಸೊನ್ನೆ ಬಿಲ್ಲಿನ ಮನೆಗೆ ಸೋಲಾರ್ ಬೇಕಾ?

ಇಳಕಲ್ಲಿನ ನಮ್ಮ ಮನೆಗೆ ಮೊನ್ನೆ ಸೋಲಾರ್ ಮಾರುವವರು ಬಂದಿದ್ದರು. 3 ಕಿಲೋವ್ಯಾಟ್ ಹಾಕಿಸಿದ್ರೆ 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 78,000 ರೂಪಾಯಿ ಸಬ್ಸಿಡಿ, ಉಳಿದದ್ದಕ್ಕೆ ಬ್ಯಾಂಕ್ ಸಾಲ. “ಕರೆಂಟ್ ಬಿಲ್ಲ ಬರಂಗಿಲ್ರೀ” ಅಂದ್ರು. ನಗು ಬಂತು. 200 ಯೂನಿಟ್ ಒಳಗಿನ ನಮ್ಮಂಥವರಿಗೆ 2023ರಲ್ಲಿ ಗೃಹಜ್ಯೋತಿ ಬಂದಾಗಿಂದ ಬಿಲ್ಲು ಸೊನ್ನೆಯೇ!

ಅವ್ವ ಕೇಳಿದ್ದು ಒಂದೇ ಮಾತು: “ಕರೆಂಟ್ ಹೋದಾಗ ಫ್ಯಾನ್ ತಿರುಗತೈತೇನ ತಮ್ಮಾ?”

ಇಲ್ಲ. ಲೈನ್‌ಮನ್‌ಗೆ ಶಾಕ್ ಹೊಡೀಬಾರದು ಅಂತ, ಗ್ರಿಡ್‌ಗೆ ಜೋಡಿಸಿದ ಸೋಲಾರ್ ಕರೆಂಟ್ ಹೋದಕೂಡ್ಲೇ ತಾನೂ ನಿಲ್ಲುತ್ತೆ. ಬ್ಯಾಟರಿ ಬೇಕಂದ್ರೆ ಖರ್ಚು ಬೇರೆ.

ಸೊನ್ನೆ ಬಿಲ್ಲು ಉಳಿಸೋಕೆ ಸಾಲದ ಕಂತು ಯಾಕೆ? ಸದ್ಯಕ್ಕೆ ಬೇಡ ಅಂದೆ. ನಾಳೆ ಗೃಹಜ್ಯೋತಿ ನಿಂತರೆ ಲೆಕ್ಕವೇ ಬೇರೆ... ಬಿಸಿಲಂತೂ ಎಲ್ಲೂ ಹೋಗಲ್ಲ. ನಿಮ್ಮ ಲೆಕ್ಕ ಏನನ್ನುತ್ತೆ?